ಒಳ್ಳೆಯ ಹುಡುಗನನ್ನು ಬೇಡ ಅಂದವಳು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಹೊಗಳಿ ಬರೆದಿದ್ದ 'ಮೈ ಬ್ರಿಲಿಯಂಟ್ ಕೆರಿಯರ್' ಸಿನಿಮಾವನ್ನು ಮಗಳ ಜೊತೆ ಕೂತು ನೋಡಿದೆ. ಮುಗಿಯುವಷ್ಟರಲ್ಲಿ ನಮ್ಮಿಬ್ಬರಿಗೂ ಜಗಳ. ಹುಡುಗ ಒಳ್ಳೆಯವನು, ಅನುಕೂಲಸ್ಥ, ಅವಳನ್ನು ಪ್ರೀತಿಸುತ್ತಾನೆ. ಅವಳಿಗೂ ಅವನು ಇಷ್ಟ. ಆದರೂ ಬೇಡ ಅನ್ನುತ್ತಾಳೆ. ಇದು ಸ್ವಾತಂತ್ರ್ಯವೋ, ಸ್ವಾರ್ಥವೋ? ಕೊನೆಗೆ ಅವಳಿಗೆ ಸಿಕ್ಕಿದ್ದಾದರೂ ಏನು? ಮತ್ತೆ ಅದೇ ಧೂಳು, ಅದೇ ಕೊಟ್ಟಿಗೆ. ಇದನ್ನು ಗೆಲುವು ಅಂತ ಯಾಕೆ ಬರೆದಿರಿ?

ಸಂಪಾದಕರ ಉತ್ತರ: ಸಿನಿಮಾ ನೋಡಿ ಮನೆಯಲ್ಲಿ ಜಗಳ ಆಯಿತು ಅಂತ ಓದಿ ಖುಷಿಯಾಯಿತು. ತಪ್ಪು ತಿಳಿಯಬೇಡಿ. ನೋಡಿ ಮರೆತುಬಿಡುವ ಸಿನಿಮಾಗಳ ಬಗ್ಗೆ ಯಾರೂ ಹೀಗೆ ಪತ್ರ ಬರೆಯುವುದಿಲ್ಲ.

ನೋಡದಿರುವ ಓದುಗರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1890ರ ದಶಕದ ಕೊನೆ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್. ಸಿಬಿಲ್ಲಾ ಮೆಲ್ವಿನ್ ಎಂಬ ಹುಡುಗಿ ಪಾಸಮ್ ಗಲ್ಲಿ ಎಂಬ ಒಣ ಜಾಗದಲ್ಲಿ, ಸಾಲದಲ್ಲಿ ಮುಳುಗಿದ ಮನೆಯಲ್ಲಿ ಬೆಳೆಯುತ್ತಾಳೆ. ಬರೆಯಬೇಕು, ಪಿಯಾನೋ ನುಡಿಸಬೇಕು, ದೊಡ್ಡದೇನಾದರೂ ಆಗಬೇಕು ಅಂತ ಆಸೆ. ಅವಳ ತಾಯಿ ಹುಡುಕಿಕೊಡುವುದು ಮನೆಗೆಲಸದ ಚಾಕರಿ. ಅಷ್ಟರಲ್ಲಿ ಸಿರಿವಂತ ಅಜ್ಜಿಯಿಂದ ಕರೆ ಬರುತ್ತದೆ. ಅಲ್ಲಿ ಹ್ಯಾರಿ ಬೀಚಮ್ ಸಿಗುತ್ತಾನೆ. ಇಬ್ಬರೂ ದಿಂಬು ಹಿಡಿದು ಹೊಡೆದಾಡುತ್ತಾರೆ, ಜಗಳವಾಡುತ್ತಾರೆ, ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಅವನು ಮದುವೆಯ ಮಾತು ಎತ್ತುತ್ತಾನೆ. ಮೊದಲ ಸಲ ಅವಳಿಂದ ಚಾಟಿಯ ಏಟು ತಿನ್ನುತ್ತಾನೆ. ಕೊನೆಯ ಸಲ ಅವಳು ಮೃದುವಾಗಿಯೇ ಬೇಡ ಅನ್ನುತ್ತಾಳೆ. 1979ರಲ್ಲಿ ಬಂದ ಈ ಚಿತ್ರದ ನಿರ್ದೇಶಕಿ ಜಿಲಿಯನ್ ಆರ್ಮ್‌ಸ್ಟ್ರಾಂಗ್. ಆಗ ಅವರಿಗಿನ್ನೂ 30 ತುಂಬಿರಲಿಲ್ಲ. ಸಿಬಿಲ್ಲಾ ಆಗಿ ಜೂಡಿ ಡೇವಿಸ್, ಹ್ಯಾರಿ ಆಗಿ ಸ್ಯಾಮ್ ನೀಲ್.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹುಡುಗ ಒಳ್ಳೆಯವನು ಅಂದಿರಿ. ಒಪ್ಪಿದೆ. ಈ ಸಿನಿಮಾದ ಜೀವ ಇರುವುದೇ ಅಲ್ಲಿ. ಹ್ಯಾರಿ ಕುಡುಕನೋ ಕೈ ಮಾಡುವವನೋ ಆಗಿದ್ದರೆ ಅವಳು ಬೇಡ ಅಂದಾಗ ನೀವೂ ನಾನೂ ಸೇರಿ ಚಪ್ಪಾಳೆ ತಟ್ಟುತ್ತಿದ್ದೆವು. ಯಾರಿಗೂ ಏನೂ ನೋಯುತ್ತಿರಲಿಲ್ಲ. ಹಾಗೆ ಸುಲಭವಾಗಿ ಬೇಡ ಅನ್ನಬಹುದಾದವನೂ ಒಬ್ಬ ಇದ್ದಾನಲ್ಲ, ಇಂಗ್ಲೆಂಡಿನಿಂದ ಬಂದ ಫ್ರಾಂಕ್ ಹಾಡನ್? ತನ್ನನ್ನು ಮದುವೆಯಾಗುವುದು ಅವಳ ಪುಣ್ಯ ಎನ್ನುವ ಹಾಗೆ ಆಡುತ್ತಾನೆ. ಅವಳು ಅವನನ್ನು ಬೇಡ ಅಂದಾಗ ನಗು ಬರುತ್ತದೆ. ಅವನ ಪರವಾಗಿ ನಮ್ಮ ಕಚೇರಿಗೆ ಒಂದು ಪತ್ರವೂ ಬಂದಿಲ್ಲ! ಹ್ಯಾರಿಯ ವಿಷಯದಲ್ಲಿ ನಿರ್ದೇಶಕಿ ಅಂಥ ಸುಲಭದ ದಾರಿ ಬಿಟ್ಟಿಲ್ಲ. ಅವನಲ್ಲಿ ತಪ್ಪು ಹುಡುಕಿ ಸಮಾಧಾನ ಮಾಡಿಕೊಳ್ಳಲು ನಮಗೆ ಆಗುವುದಿಲ್ಲ. ಹಾಗಾಗಿ ಅವಳು ಯಾವುದನ್ನು ಬೇಡ ಅಂದಳು ಅಂತ ಬೇರೆ ಕಡೆ ನೋಡಬೇಕಾಗುತ್ತದೆ.

ಅವಳ ಸುತ್ತ ಇರುವ ಹೆಂಗಸರನ್ನು ನೋಡಿ. ಅವಳ ತಾಯಿ ದೊಡ್ಡ ಮನೆಯ ಮಗಳು. ಈಗ ಬರಗಾಲದ ನೆಲ, ಹಾಲು ಕರೆಯುವ ಕೆಲಸ, ಸಾಲು ಮಕ್ಕಳು. ಚಿಕ್ಕಮ್ಮ ಹೆಲೆನ್ ಚೆಲುವೆ, ಜಾಣೆ. ಗಂಡ ಬಿಟ್ಟುಹೋದ. ತವರಿಗೆ ಮರಳಿ ಬಂದಿದ್ದಾಳೆ. ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಇನ್ನೊಬ್ಬಳು ಮೆಕ್‌ಸ್ವಾಟ್ ಮನೆಯ ಹೆಂಗಸು. ಅಪ್ಪ ಮಾಡಿದ ಸಾಲದ ಬಡ್ಡಿಗೆ ಬದಲಾಗಿ ಸಿಬಿಲ್ಲಾ ಆ ಮನೆಯ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾಳೆ. ಅಲ್ಲಿ ಓದಲು ಪುಸ್ತಕವಿಲ್ಲ. ಗೋಡೆಗೆ ಅಂಟಿಸಿದ ಹಳೆಯ ಪೇಪರ್ ನೋಡಿಕೊಂಡು ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. (ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಇಷ್ಟವಾಗಿದ್ದು ಈ ಭಾಗ. ಅಜ್ಜಿ ಮನೆಯ ಹೂದೋಟ, ಬಿಳಿ ಬಟ್ಟೆ ಎಲ್ಲ ಚೆಂದವೇ. ಆ ಉಡುಪುಗಳಿಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಆದರೆ ಕಥೆಗೆ ಕಸುವು ಬರುವುದು ಆ ಕೊಳಕು ಮನೆಯಲ್ಲಿ.)

ಈ ಹೆಂಗಸರಲ್ಲಿ ಯಾರೂ ಕೆಟ್ಟವರಲ್ಲ. ಅವರ ಗಂಡಂದಿರೆಲ್ಲ ರಾಕ್ಷಸರೂ ಅಲ್ಲ. ಆದರೆ ಅವರ ಬದುಕು ಹೇಗಿರಬೇಕು ಅಂತ ತೀರ್ಮಾನ ಆದದ್ದು ಗಂಡನ ಅದೃಷ್ಟದಿಂದ. ಅವನ ವ್ಯವಹಾರ ಕೈಹಿಡಿದರೆ ಇವಳಿಗೆ ಪಿಯಾನೋ, ಮುಳುಗಿದರೆ ಹಾಲಿನ ಬಕೆಟ್. ಆ ಕಾಲದಲ್ಲಿ ಮುಳುಗುವುದು ಕಷ್ಟವೇನಿರಲಿಲ್ಲ. 1893ರಲ್ಲಿ ಆಸ್ಟ್ರೇಲಿಯಾದ ಬ್ಯಾಂಕುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದ್ದವು. 1895ರ ಹೊತ್ತಿಗೆ ಶುರುವಾದ ಬರ ಹೊಸ ಶತಮಾನದವರೆಗೂ ಬಿಡಲಿಲ್ಲ. ಹ್ಯಾರಿಯಂಥ ಶ್ರೀಮಂತನಿಗೂ ಆಸ್ತಿ ಹೋದೀತು ಎಂಬ ಭಯ ಬರುತ್ತದೆ, ನೆನಪಿದೆಯಲ್ಲ?

ಕಾನೂನು ಅಷ್ಟು ಹೊತ್ತಿಗೆ ಬದಲಾಗಿತ್ತು, ಅದನ್ನೂ ಹೇಳಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ 1893ರ ಕಾಯ್ದೆ ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿಯ ಮೇಲೆ ಹಕ್ಕು ಕೊಟ್ಟಿತ್ತು. 1892ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡ ಮೂರು ವರ್ಷ ಬಿಟ್ಟುಹೋದರೆ ಬಿಡುಗಡೆ ಕೇಳಬಹುದಿತ್ತು. ಅಂದರೆ ಹೆಲೆನ್‌ಳಂಥವಳಿಗೆ ಕಾಗದದ ಮೇಲೆ ದಾರಿ ಇತ್ತು. ಆದರೆ ಹೊರಗೆ ಬಂದು ಮಾಡುವುದೇನು? ಸಿಡ್ನಿ ವಿಶ್ವವಿದ್ಯಾಲಯ 1881ರಿಂದಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿತ್ತು, ನಿಜ. ಹಳ್ಳಿಯ ಬಡ ಮನೆಯ ಹುಡುಗಿಗೆ ಸಿಡ್ನಿ ಎಷ್ಟು ದೂರ! ಅವಳಿಗೆ ಉಳಿಯುತ್ತಿದ್ದದ್ದು ಮನೆಪಾಠ, ಮನೆಗೆಲಸ, ಮದುವೆ. ಬರೆದು ಬದುಕುತ್ತೇನೆ ಅಂದರೆ ನಗುತ್ತಿದ್ದರು.

ಇನ್ನು 'ಸ್ವಾರ್ಥ' ಎಂಬ ನಿಮ್ಮ ಮಾತು. ಅದನ್ನು ಓದಿದಾಗ ಸ್ವಲ್ಪ ನಗು ಬಂತು, ಯಾಕೆ ಗೊತ್ತಾ? ಅದೇ ನ್ಯೂ ಸೌತ್ ವೇಲ್ಸ್‌ನಲ್ಲಿ ಹೆರಿಗೆಗಳು ಕಡಿಮೆಯಾಗುತ್ತಿವೆ ಅಂತ ಸರ್ಕಾರಕ್ಕೆ ಚಿಂತೆ ಹತ್ತಿತು. 1903ರಲ್ಲಿ ವಿಚಾರಣಾ ಆಯೋಗ ಕೂರಿಸಿದರು. ಸದಸ್ಯರೆಲ್ಲ ಗಂಡಸರು. 1904ರಲ್ಲಿ ಬಂದ ವರದಿ ಕಂಡುಹಿಡಿದ ಕಾರಣ: ಹೆಂಗಸರ ಸ್ವಾರ್ಥ. ಬರ, ಸಾಲ, ಬ್ಯಾಂಕು ಎಲ್ಲ ಪಕ್ಕಕ್ಕೆ ಸರಿದವು. ವರ್ಷಕ್ಕೊಂದು ಮಗು ಹೆರಲು ಒಲ್ಲೆ ಅಂದವಳೇ ತಪ್ಪಿತಸ್ಥೆ. ಸಿಬಿಲ್ಲಾ ಕೊನೆಯಲ್ಲಿ ಹ್ಯಾರಿಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ಬರೆಯುವುದಾದರೆ ಈಗಲೇ ಬರೆಯಬೇಕು, ಕಾಡಿನ ನಡುವೆ ವರ್ಷ ವರ್ಷ ಹೆರುತ್ತಾ ಕೂತರೆ ಅದು ಆಗುವ ಮಾತಲ್ಲ. ಇದರಲ್ಲಿ ಸ್ವಾರ್ಥ ಇಲ್ಲವೇ ಇಲ್ಲ ಅಂತ ನಾನು ವಾದಿಸುವುದಿಲ್ಲ. ಇದೆ. ಒಬ್ಬ ಹುಡುಗ ಮನೆ ಬಿಟ್ಟು ಊರೂರು ಸುತ್ತಿ ಏನೋ ಆಗಲು ಹೊರಟರೆ ಅವನಲ್ಲೂ ಅಷ್ಟೇ ಸ್ವಾರ್ಥ ಇರುತ್ತದೆ. ಅವನಿಗೆ ನಾವು ಹುಮ್ಮಸ್ಸಿನ ಹುಡುಗ ಅನ್ನುತ್ತೇವೆ.

ಹ್ಯಾರಿ ಅವಳನ್ನು ಬರೆಯಲು ಬಿಡುತ್ತಿದ್ದನಲ್ಲ ಅಂತ ನೀವು ಕೇಳಬಹುದು. ಬಿಡುತ್ತಿದ್ದ. ನನಗೂ ಹಾಗೇ ಅನ್ನಿಸುತ್ತದೆ. ಅವನ ಎಸ್ಟೇಟು ಬಿಡುತ್ತಿರಲಿಲ್ಲ. ಅಷ್ಟು ದೊಡ್ಡ ಕುರಿ ಎಸ್ಟೇಟಿನ ಯಜಮಾನಿ ಅಂದರೆ ಅದೇ ಒಂದು ಹೊತ್ತುಗೊತ್ತಿಲ್ಲದ ಉದ್ಯೋಗ: ಅತಿಥಿಗಳು, ಆಳುಗಳು, ಅಡುಗೆಮನೆಯ ಲೆಕ್ಕ, ಮಕ್ಕಳು. ಒಳ್ಳೆಯ ಗಂಡ ಅದನ್ನೆಲ್ಲ ಹಗುರ ಮಾಡಬಹುದು, ಮಾಯ ಮಾಡಲಾರ.

ಕೊನೆಗೆ ಅವಳಿಗೆ ಸಿಕ್ಕಿದ್ದೇನು ಅಂತ ಕೇಳಿದ್ದೀರಿ. ಇಲ್ಲಿ ಸಿನಿಮಾ ಒಂದು ದಾರಿ ಹಿಡಿದರೆ, ಅದರ ಮೂಲವಾದ, ಮೈಲ್ಸ್ ಫ್ರಾಂಕ್ಲಿನ್ ಎಂಬ ಲೇಖಕಿ ಬರೆದ ಅದೇ ಹೆಸರಿನ ಕಾದಂಬರಿ ಇನ್ನೊಂದು ದಾರಿ ಹಿಡಿಯುತ್ತದೆ. ಸಿನಿಮಾದಲ್ಲಿ ಸಿಬಿಲ್ಲಾ ತನ್ನ ಹಸ್ತಪ್ರತಿಯನ್ನು ಅಂಚೆಪೆಟ್ಟಿಗೆಗೆ ಹಾಕುತ್ತಾಳೆ. ಅದು 1901ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾಯಿತು ಎಂಬ ಸಾಲು ತೆರೆಯ ಮೇಲೆ ಬರುತ್ತದೆ. ಹಾಗಾಗಿ ನಮಗೆ ಗೆಲುವಿನ ಭಾವ. ಕಾದಂಬರಿಯಲ್ಲಿ ಈ ಅಂಚೆಪೆಟ್ಟಿಗೆಯೂ ಇಲ್ಲ, ಪ್ರಕಾಶಕರೂ ಇಲ್ಲ. ಅವಳು ಪಾಸಮ್ ಗಲ್ಲಿಯ ದುಡಿಮೆಯಲ್ಲೇ ಉಳಿಯುತ್ತಾಳೆ, ಮುಂದೇನು ಅಂತ ಗೊತ್ತಿಲ್ಲ. ಹೆಸರಿನಲ್ಲೂ 'ಬ್ರಿಲಿಯಂಟ್' ಪಕ್ಕ ಲೇಖಕಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ಪ್ರಕಾಶಕರು ಅದನ್ನು ತೆಗೆದುಹಾಕಿದರು. ಸಿನಿಮಾದವರು ಲೇಖಕಿಯ ನಿಜ ಬದುಕಿನ ಗೆಲುವನ್ನು ತಂದು ಕಥಾನಾಯಕಿಗೆ ಕೊಟ್ಟಿದ್ದಾರೆ. ನನಗೆ ಕಾದಂಬರಿಯ ಕೊನೆಯೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಧೂಳು, ಕೊಟ್ಟಿಗೆಯ ಮಾತಿನಲ್ಲಿ ಹುರುಳಿದೆ.

ಆದರೆ ಲೇಖಕಿಯ ಬದುಕು ನೋಡಿ. ಮೈಲ್ಸ್ ಫ್ರಾಂಕ್ಲಿನ್ ಹುಟ್ಟಿದ್ದು 1879ರಲ್ಲಿ. ಹದಿಹರೆಯದಲ್ಲೇ ಇದನ್ನು ಬರೆದರು. ಬರೆದವರು ಗಂಡಸು ಅಂತ ಜನ ತಿಳಿಯಲಿ ಎಂದು ಆ ಹೆಸರಿಟ್ಟುಕೊಂಡರು. ಪ್ರಕಟಣೆಗೆ ನೆರವಾದ, ಆಸ್ಟ್ರೇಲಿಯಾದ ಹೆಸರಾಂತ ಬರಹಗಾರ ಹೆನ್ರಿ ಲಾಸನ್ ಮುನ್ನುಡಿಯಲ್ಲಿ ಇದು ಹುಡುಗಿ ಬರೆದದ್ದು ಅಂತ ಹೇಳಿಯೇಬಿಟ್ಟರು! ಪುಸ್ತಕ ಬಂದ ಮೇಲೆ ನೆಂಟರು, ಅಕ್ಕಪಕ್ಕದವರು ತಮ್ಮನ್ನೇ ಬರೆದಿದ್ದಾಳೆ ಅಂತ ಮುನಿಸಿಕೊಂಡರು. ಬೇಸತ್ತ ಲೇಖಕಿ ಮರುಮುದ್ರಣಕ್ಕೆ ಒಪ್ಪಲಿಲ್ಲ. ಪುಸ್ತಕ ಮತ್ತೆ ಅಂಗಡಿಗೆ ಬಂದದ್ದು ಅವರು 1954ರಲ್ಲಿ ತೀರಿಕೊಂಡ ಮೇಲೆಯೇ. ಈ ನಡುವೆ 1906ರಲ್ಲಿ ಅಮೆರಿಕಕ್ಕೆ ಹೋಗಿ ಶಿಕಾಗೋದಲ್ಲಿ ದುಡಿಯುವ ಹೆಂಗಸರ ಸಂಘಟನೆಯಲ್ಲಿ ಕೆಲಸ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಬಾಲ್ಕನ್ ಕಡೆ ಹೆಂಗಸರೇ ನಡೆಸುತ್ತಿದ್ದ ಆಸ್ಪತ್ರೆಯೊಂದರಲ್ಲಿ ದುಡಿದರು. ಮದುವೆಯಾಗಲಿಲ್ಲ. ಸುಖವಾಗಿದ್ದರಾ? ಹಣದ ಕಷ್ಟ ಇತ್ತು, ಬರೆದದ್ದೆಲ್ಲ ಗೆಲ್ಲಲಿಲ್ಲ. ಆದರೂ ಉಳಿಸಿದ್ದನ್ನು ಆಸ್ಟ್ರೇಲಿಯಾದ ಬರಹಗಾರರ ಬಹುಮಾನಕ್ಕೆಂದು ಬರೆದಿಟ್ಟರು. ಅದನ್ನು 1957ರಲ್ಲಿ ಮೊದಲು ಪಡೆದವರು ಕಾದಂಬರಿಕಾರ ಪ್ಯಾಟ್ರಿಕ್ ವೈಟ್. ಈಗಲೂ ಅದು ಆ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ತಕರಾರು ನನಗಿದೆ. ಅಷ್ಟು ವಿಶಾಲವಾದ ಬಯಲು, ಎಸ್ಟೇಟು ಎಲ್ಲ ತೋರಿಸುವ ಸಿನಿಮಾದಲ್ಲಿ ಆ ನೆಲದ ಮೂಲನಿವಾಸಿಗಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಥೆ ನಡೆದ ಕೆಲವೇ ವರ್ಷಗಳಲ್ಲಿ, 1902ರಲ್ಲಿ, ಆಸ್ಟ್ರೇಲಿಯಾ ದೇಶದ ಮಟ್ಟದಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಅದೇ ಕಾಯ್ದೆ ಬಹುಪಾಲು ಮೂಲನಿವಾಸಿಗಳನ್ನು, ಗಂಡಸರು ಹೆಂಗಸರೆನ್ನದೆ, ಹೊರಗಿಟ್ಟಿತು. ಅವರೆಲ್ಲರಿಗೂ ಆ ಹಕ್ಕು ಸಿಗಲು 1962 ಆಗಬೇಕಾಯಿತು. ಸಿಬಿಲ್ಲಾಳಂಥ ಹುಡುಗಿ ಬೇಡ ಅನ್ನಬಹುದಾಗಿದ್ದ ಆ ಮನೆ, ಆ ಹುಲ್ಲುಗಾವಲು ಯಾರಿಂದ ಬಂದದ್ದು ಅಂತ ಸಿನಿಮಾ ಕೇಳುವುದಿಲ್ಲ. ಈ ವಿಷಯಕ್ಕೆ ನೀವು ಬೈದು ಬರೆದಿದ್ದರೆ ನಾನು ಇಷ್ಟುದ್ದ ಉತ್ತರ ಬರೆಯುತ್ತಲೇ ಇರಲಿಲ್ಲ, ಹೌದು ಅಂದು ಸುಮ್ಮನಾಗುತ್ತಿದ್ದೆ.