ಐದಕ್ಕೇರಿಸಿದರೂ ಹಾಲ್ ಏಕೆ ಬೆಚ್ಚಗಾಗುವುದಿಲ್ಲ?

ದೀಪಾವಳಿ ಕಳೆದು ಬೆಳಗಿನ ಇಬ್ಬನಿ ಶುರುವಾಯಿತೆಂದರೆ ಪೆಲೆಟ್ ಸ್ಟವ್ (ಮರದ ಪುಡಿ ಒತ್ತಿ ಮಾಡಿದ ಚಿಕ್ಕ ಗುಳಿಗೆಗಳನ್ನು ಉರಿಸಿ ಕೋಣೆ ಬಿಸಿ ಮಾಡುವ ಯಂತ್ರ) ಬಗ್ಗೆ ಪತ್ರಗಳು ಬರತೊಡಗುತ್ತವೆ. ಊರು ಬೇರೆ, ಯಂತ್ರ ಬೇರೆ. ಪ್ರಶ್ನೆ ಮಾತ್ರ ಅದೇ. ಪ್ರತಿ ವರ್ಷ ನಾಲ್ಕು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ. ಈ ಸಲ ಅದೊಂದನ್ನು ಬುಡದಿಂದ ಬಿಡಿಸಿ ಹೇಳುತ್ತೇನೆ. ಉಳಿದವಕ್ಕೆ ಜಾಗ ಸಿಕ್ಕಷ್ಟು. ಹಾಪರ್ (ಪೆಲೆಟ್ ಸುರಿಯುವ ಡಬ್ಬ) ತುಂಬುವುದು, ಸ್ಟವ್ ಹೊತ್ತಿಸುವುದು, ಬೂದಿ ಪೆಟ್ಟಿಗೆ ಖಾಲಿ ಮಾಡುವುದು ಎಲ್ಲವೂ ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿದೆ. ಅದನ್ನು ಓದದೆ ದಯವಿಟ್ಟು ಬರೆಯಬೇಡಿ. ಮೊದಲ ಪತ್ರ ಇದು:

ಚಿಕ್ಕಮಗಳೂರಿನ ಬಳಿ, ಕೈಮರದಿಂದ ಮೇಲೆ ನಮ್ಮ ತೋಟದ ಮನೆಯನ್ನು ಹೋಂಸ್ಟೇ ಮಾಡಿದ್ದೇವೆ. ಹಾಲ್‌ಗೆ 8 ಕಿಲೋವ್ಯಾಟ್ ಪೆಲೆಟ್ ಸ್ಟವ್ ಹಾಕಿಸಿದ್ದೇವೆ. 5ನೇ ಹಂತದಲ್ಲಿಟ್ಟರೂ ಹಾಲ್ ಬೆಚ್ಚಗಾಗುವುದಿಲ್ಲ. ರಾತ್ರಿಗೆ 15 ಕಿಲೋ ಚೀಲ ಖಾಲಿಯಾಗುತ್ತದೆ, ಗಾಜು ಎರಡೇ ಗಂಟೆಯಲ್ಲಿ ಕಪ್ಪಾಗುತ್ತದೆ. ಪೆಲೆಟ್ ಬೀಳುವ ಪ್ರಮಾಣವನ್ನು ಇನ್ನಷ್ಟು ಹೆಚ್ಚಿಸುವುದು ಹೇಗೆ?

ಹೆಚ್ಚಿಸಬೇಡಿ. ನಿಮ್ಮ ಪ್ರಶ್ನೆಯೊಳಗೇ ಉತ್ತರವಿದೆ: ಗಾಜು ಎರಡು ಗಂಟೆಯಲ್ಲಿ ಕಪ್ಪಾಗುತ್ತಿದೆ. ಒಂದು ದಿನ ಉರಿದ ಮೇಲೆ ಗಾಜಿನ ಮೇಲೆ ತೆಳುವಾದ ಬೂದುಬಣ್ಣದ ಪುಡಿ ಕೂತರೆ ಅದು ಸಹಜ. ಎರಡು ಗಂಟೆಯಲ್ಲಿ ಕರಿಮಸಿ ಹಿಡಿದರೆ, ಬಿದ್ದ ಪೆಲೆಟ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಅದೇ ಮಸಿ ಒಳಗಿನ ಬಿಸಿ ಕೊಳವೆಗಳ ಮೇಲೂ ಕೂರುತ್ತದೆ. ಮಸಿ ಹಿಡಿದ ಕೊಳವೆಯಿಂದ ಶಾಖ ಕೋಣೆಗೆ ದಾಟುವುದಿಲ್ಲ. ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಈಗ ನೀವು ಪೆಲೆಟ್ ಹೆಚ್ಚಿಸಿದರೆ ಮಸಿ ಹೆಚ್ಚುತ್ತದೆ, ಶಾಖ ಇನ್ನೂ ಇಳಿಯುತ್ತದೆ.

ಲೆಕ್ಕ ನೋಡಿ. ಒಳ್ಳೆಯ ಮರದ ಪೆಲೆಟ್ ಒಂದು ಕಿಲೋದಲ್ಲಿ ಸುಮಾರು 4.8 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖವಿರುತ್ತದೆ. ಸ್ಟವ್ ಸರಿಯಿದ್ದರೆ ಅದರಲ್ಲಿ ನಾಲ್ಕು ಯೂನಿಟ್ ಕೋಣೆಗೆ ಸಿಗುತ್ತದೆ. 8 ಕಿಲೋವ್ಯಾಟ್ ಪೂರ್ತಿ ಬೇಕಾದರೆ ಗಂಟೆಗೆ 2 ಕಿಲೋ ಸಾಕು. 15 ಕಿಲೋ ಚೀಲ ಏಳೂವರೆ ಗಂಟೆ ಬರಬೇಕು. ನಿಮ್ಮ ಚೀಲ ಒಂದು ರಾತ್ರಿಗೆ ಮುಗಿಯುತ್ತಿದೆ ಎಂದರೆ ಯಂತ್ರ ತಿನ್ನಬೇಕಾದಷ್ಟನ್ನು ಆಗಲೇ ತಿನ್ನುತ್ತಿದೆ. ಆ ಶಾಖ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದಷ್ಟೇ ಉಳಿದಿರುವ ಕೆಲಸ.

ಸೆಟ್ಟಿಂಗ್ ಮುಟ್ಟುವ ಮೊದಲು ಯಂತ್ರ ಪೂರ್ತಿ ತಣ್ಣಗಾಗಲಿ, ಪ್ಲಗ್ ಕೀಳಿ, ಒಳಗೆ ಶುಚಿ ಮಾಡಿ. ಪೆಲೆಟ್ ಬಿದ್ದು ಉರಿಯುವ ಬಟ್ಟಲನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಅದರ ತಳದ ಪ್ರತಿ ತೂತಿನಲ್ಲೂ ಬೆಳಕು ಕಾಣಬೇಕು. ಕಾಣದ ತೂತಿಗೆ ತಂತಿ ಹಾಕಿ ಬಿಡಿಸಿ. ಆಮೇಲೆ ಬಿಸಿ ಕೊಳವೆಗಳು, ಅವುಗಳ ಹಿಂದಿನ ಬೂದಿ ಗೂಡು, ಹೊಗೆ ಎಳೆಯುವ ಫ್ಯಾನು, ಪೈಪು ತಿರುಗುವ ಜಾಗ. ಬೂದಿ ಹೆಚ್ಚು ಕೂರುವುದು ಕಣ್ಣಿಗೆ ಬೀಳದ ಈ ಮೂಲೆಗಳಲ್ಲೇ. ಕೊನೆಗೆ ಬಾಗಿಲಿನ ಗ್ಯಾಸ್ಕೆಟ್, ಅಂದರೆ ಅಂಚಿನಲ್ಲಿ ಗಾಳಿ ತಡೆಯುವ ಪಟ್ಟಿ: ಒಂದು ನೋಟನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಗ್ಯಾಸ್ಕೆಟ್ ಬದಲಿಸಿ. ಅಲ್ಲಿಂದ ನುಗ್ಗುವ ಗಾಳಿ ಬಟ್ಟಲಿನ ತೂತುಗಳನ್ನು ತಪ್ಪಿಸಿಕೊಂಡು ಹೋಗುತ್ತದೆ. ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ತೀರುತ್ತವೆ.

ಮುಂದಿನದು ಪೆಲೆಟ್. ಪಾರ್ಚ್‌ಮೆಂಟ್ ಕಾಫಿಯನ್ನು (ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಬೀಜ) ಶೇ 10 ತೇವಕ್ಕೆ ಒಣಗಿಸಿ, ಮೀಟರ್ ಹಿಡಿದು ನೋಡಿ, ಆಮೇಲೆ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವ ಬೆಳೆಗಾರರು ನೀವು. ಪೆಲೆಟ್‌ಗೂ ಅದೇ ಶೇ 10 ಮಿತಿ ಎಂದು ಎಷ್ಟು ಜನಕ್ಕೆ ಗೊತ್ತು? ಚೀಲಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ನೆಲದ ಮೇಲೆ, ನೀರು ಜಿನುಗುವ ಗೋಡೆಗೆ ಒರಗಿಸಿ ಇಡುತ್ತೀರಿ. ನವೆಂಬರ್‌ನಲ್ಲಿ ಸ್ಟವ್ ಮೇಲೆ ಸಿಟ್ಟಾಗುತ್ತೀರಿ. ಒಂದು ಪೆಲೆಟ್ ತೆಗೆದು ಬೆರಳಿನಲ್ಲಿ ಮುರಿಯಿರಿ. ಚಟ್ಟನೆ ಮುರಿದು, ಮೈ ನುಣ್ಣಗೆ ಹೊಳೆಯುತ್ತಿದ್ದರೆ ಸರಿ. ಸದ್ದಿಲ್ಲದೆ ಪುಡಿಯಾದರೆ ಅದು ತೇವ ಕುಡಿದಿದೆ. ಅದನ್ನು ಬಿಸಿಲಿಗೆ ಹರವಿದರೂ ಮೊದಲಿನಂತಾಗುವುದಿಲ್ಲ. ಉಬ್ಬಿದ ಪೆಲೆಟ್ ಪುಡಿಯಾಗಿ, ಹಾಪರ್‌ನಿಂದ ಬಟ್ಟಲಿಗೆ ಪೆಲೆಟ್ ಸಾಗಿಸುವ ಸ್ಕ್ರೂ ಬುಡದಲ್ಲಿ ಕಟ್ಟಿಕೊಳ್ಳುತ್ತದೆ. ಹೊಸ ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ.

ಈಗ ಗಾಳಿ. ನಿಮ್ಮ ಎತ್ತರದಲ್ಲಿ ಇದೇ ಮುಖ್ಯ, ಇದನ್ನೇ ಎಲ್ಲರೂ ಮರೆಯುತ್ತಾರೆ. ಯಂತ್ರದ ಕಾರ್ಖಾನೆ ಸೆಟ್ಟಿಂಗ್ ತಗ್ಗು ಪ್ರದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 9ರಷ್ಟು ತೆಳು. 1,500 ಮೀಟರ್‌ಗೆ ಏರಿದರೆ ಹತ್ತಿರಹತ್ತಿರ ಶೇ 14. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರ್ ದಾಟಿದೆ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ನಿಮ್ಮ ಮನೆ ಇವೆರಡರ ನಡುವೆ ಎಲ್ಲೋ ಇದೆ. ಫ್ಯಾನು ಅಷ್ಟೇ ಸುತ್ತು ತಿರುಗಿದರೂ ಬಟ್ಟಲಿಗೆ ಸಿಗುವ ಆಮ್ಲಜನಕ ಕಡಿಮೆ. ಸ್ಕ್ರೂ ಮಾತ್ರ ಮೊದಲಿನಷ್ಟೇ ಪೆಲೆಟ್ ಸುರಿಯುತ್ತಿರುತ್ತದೆ.

ಬಹುತೇಕ ಯಂತ್ರಗಳಲ್ಲಿ ಪೆಲೆಟ್ ಪ್ರಮಾಣವನ್ನೂ ಹೊಗೆ ಎಳೆಯುವ ಫ್ಯಾನಿನ ವೇಗವನ್ನೂ ಸ್ವಲ್ಪ ಏರಿಳಿಸಲು ಬಳಕೆದಾರರಿಗೇ ಅವಕಾಶವಿದೆ. ಹಳೆಯ ಮಾದರಿಗಳಲ್ಲಿ ಗಾಳಿಗೆ ಒಂದು ಸರಳು ಇರುತ್ತದೆ. ಮೊದಲು 3ನೇ ಹಂತಕ್ಕೆ ಇಳಿಸಿ. ಅರ್ಧ ಗಂಟೆ ಉರಿಯಲಿ. ಈಗ ಬೆಂಕಿಯ ಮುಂದೆ ಕುಳಿತು ನೋಡಿ. ಜ್ವಾಲೆ ಉದ್ದವಾಗಿ, ಕಡುಕಿತ್ತಳೆ ಬಣ್ಣದಲ್ಲಿ, ತುದಿ ಕಪ್ಪಗೆ, ನಿಧಾನವಾಗಿ ಓಲಾಡುತ್ತಿದ್ದರೆ ಗಾಳಿ ಸಾಲದು. ಗಾಳಿಯನ್ನು ಒಂದೇ ಒಂದು ಮೆಟ್ಟಿಲು ಏರಿಸಿ, ಮತ್ತೆ ಅರ್ಧ ಗಂಟೆ ಕಾಯಿರಿ. ಏರಿಸಲು ಜಾಗವಿಲ್ಲದಿದ್ದರೆ ಪೆಲೆಟ್ ಒಂದು ಮೆಟ್ಟಿಲು ಇಳಿಸಿ. ಜ್ವಾಲೆ ಗಿಡ್ಡವಾಗಿ, ಬಿಳಿ ಬೆರೆತ ಹಳದಿಯಾಗಿ, ಅಂಚು ಚೂಪಾಗಿ ಮೇಲಕ್ಕೆ ಚಿಮ್ಮಬೇಕು. ಬಟ್ಟಲಿನಲ್ಲಿ ಪೆಲೆಟ್‌ಗಳು ಮೆಲ್ಲಗೆ ಅಲುಗುತ್ತಿರಬೇಕು. ಕೆಂಡಗಳು ಬಟ್ಟಲಿನಿಂದ ಹಾರಿ ಹೊರಗೆ ಬೀಳತೊಡಗಿದರೆ ಗಾಳಿ ಹೆಚ್ಚಾಯಿತು, ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ತಿರುಗಿಸಿ, ಹತ್ತು ನಿಮಿಷಕ್ಕೊಮ್ಮೆ ಗುಂಡಿ ಒತ್ತುವವರಿಗೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಬೆಳಿಗ್ಗೆ ಬೂದಿ ನೋಡಿ. ಹಗುರವಾಗಿ, ತಿಳಿ ಬೂದುಬಣ್ಣದಲ್ಲಿದ್ದರೆ ನೀವು ಗೆದ್ದಿರಿ. ಕಪ್ಪಗೆ ಭಾರವಾಗಿದ್ದರೆ ಗಾಳಿ ಇನ್ನೂ ಬೇಕು. ಅರ್ಧ ಬೆಂದ ಪೆಲೆಟ್ ಸಿಕ್ಕರೆ ಗಾಳಿ ಜಾಸ್ತಿಯಾಗಿ ಹಾರಿಸಿದೆ. ಪರದೆಯ ಮೇಲಿನ ಅಂಕಿಗಿಂತ ಈ ಬೂದಿಯನ್ನು ನಾನು ಹೆಚ್ಚು ನಂಬುತ್ತೇನೆ.

ಕೋಣೆಗೆ ಬಿಸಿಗಾಳಿ ಊದುವ ಬ್ಲೋವರ್ ಬೇರೆ. ಸದ್ದು ಮಾಡುತ್ತದೆ, ಬರುವ ಗಾಳಿ ಅಷ್ಟು ಬಿಸಿಯಿಲ್ಲ ಎಂದು ಅದನ್ನು ಕನಿಷ್ಠಕ್ಕೆ ಇಳಿಸಿಟ್ಟವರೇ ಜಾಸ್ತಿ. ವೇಗ ಹೆಚ್ಚಿದಷ್ಟೂ ಗಾಳಿ ಕೈಗೆ ಕಡಿಮೆ ಬಿಸಿ ಎನಿಸುತ್ತದೆ, ನಿಜ. ಆದರೆ ಕೊಳವೆಯಿಂದ ಒಟ್ಟಾರೆ ಹೆಚ್ಚು ಶಾಖವನ್ನು ಕೋಣೆಗೆ ತರುತ್ತದೆ. ಬೆಂಕಿ 3ರಲ್ಲಿದ್ದರೆ ಬ್ಲೋವರ್ 3ಕ್ಕೆ ಕಡಿಮೆ ಬೇಡ.

ಇಷ್ಟೆಲ್ಲ ಮಾಡಿಯೂ ಹಾಲ್ ಬೆಚ್ಚಗಾಗದಿದ್ದರೆ ಕತ್ತೆತ್ತಿ ನೋಡಿ. ಹೆಂಚಿನ ಮಾಡು, ಕೆಳಗೆ ಮುಚ್ಚಿಗೆ ಇಲ್ಲ, ಅಲ್ಲವೇ? ಅತಿಥಿಗಳಿಗೆ ತೊಲೆ, ಜಂತೆ ಕಾಣಲಿ ಎಂದು ಇದ್ದ ಹಲಗೆ ಮುಚ್ಚಿಗೆಯನ್ನು ಕಿತ್ತು ಹಾಕಿದ ಮನೆಗಳನ್ನು ಆಲ್ದೂರಿನಿಂದ ಹಾನುಬಾಳಿನವರೆಗೆ ಕಂಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿದಿದೆ. ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ಹೋಗುತ್ತದೆ. ಮಲೆನಾಡಿನ ಹಿರಿಯರು ಅಟ್ಟವನ್ನೂ ಮುಚ್ಚಿಗೆಯನ್ನೂ ಚೆಂದಕ್ಕೆ ಕಟ್ಟಿದ್ದಲ್ಲ. ಮುಚ್ಚಿಗೆ ಹಾಕಿಸಲು ಆಗದಿದ್ದರೆ, ಹಾಲ್‌ನ ಪೂರ್ತಿ ಜಾಗವನ್ನು ಬಿಸಿ ಮಾಡುವ ಆಸೆ ಬಿಡಿ. ಅಟ್ಟವಿರುವ ಚಿಕ್ಕ ಕೋಣೆಗೆ ಸ್ಟವ್ ಸಾಗಿಸಿ.

ಹೊತ್ತಿಸುವ ಸಮಯವೂ ಮುಖ್ಯ. ದಪ್ಪ ಕಲ್ಲಿನ ಅಥವಾ ಮಣ್ಣಿನ ಗೋಡೆ ಒಮ್ಮೆ ತಣ್ಣಗಾದರೆ ಅದಕ್ಕೆ ಶಾಖ ತುಂಬಲು ಗಂಟೆಗಟ್ಟಲೆ ಬೇಕು. ರಾತ್ರಿ ಒಂಬತ್ತಕ್ಕೆ ಅತಿಥಿಗಳು ನಡುಗಲು ಶುರುಮಾಡಿದ ಮೇಲೆ 5ಕ್ಕೆ ಏರಿಸುವುದು ವ್ಯರ್ಥ. ಸಂಜೆ ನಾಲ್ಕೂವರೆಗೆ 3ರಲ್ಲಿ ಹೊತ್ತಿಸಿ. ಥರ್ಮೋಸ್ಟಾಟ್‌ನಲ್ಲಿ 20 ಡಿಗ್ರಿ ಇಡಿ, 28 ಕೇಳಬೇಡಿ. ಅದರ ಬಿಸಿ ಅಳೆಯುವ ತಂತಿಯನ್ನು ಸ್ಟವ್ ಹಿಂದೆಯೇ ನೇತುಬಿಟ್ಟಿದ್ದರೆ ಅದು ಸ್ಟವ್‌ನ ಬಿಸಿಯನ್ನೇ ಅಳೆದು ಬೇಗ ಬೆಂಕಿ ಇಳಿಸಿಬಿಡುತ್ತದೆ. ಜನ ಕೂರುವ ಕಡೆಗೆ ಎಳೆಯಿರಿ.

ಇನ್ನೊಂದು ವಿಷಯ. ಗುಪ್ತ ಮೆನು ತೆರೆದು ಪೆಲೆಟ್ ಪ್ರಮಾಣ ಏರಿಸಿ, ಬಟ್ಟಲಿನ ತೂತುಗಳನ್ನು ಡ್ರಿಲ್ ಮಾಡಿ ದೊಡ್ಡದು ಮಾಡಿ, 'ಪವರ್ ಹೆಚ್ಚಿಸಿದ್ದೇನೆ' ಎಂದು ದುಡ್ಡು ಕೇಳುವ ಓಡಾಟದ ಮೆಕ್ಯಾನಿಕ್‌ಗಳಿದ್ದಾರೆ. ಅಂಥವರನ್ನು ಗೇಟಿನ ಒಳಗೇ ಬಿಡಬೇಡಿ. ತೂತು ದೊಡ್ಡದಾದರೆ ಗಾಳಿ ರಭಸ ಕಳೆದುಕೊಳ್ಳುತ್ತದೆ, ಪೆಲೆಟ್ ಕೆಳಗೆ ಜಾರುತ್ತದೆ, ಬಟ್ಟಲು ಕೆಲಸಕ್ಕೆ ಬಾರದಂತಾಗುತ್ತದೆ. ಬಳಕೆದಾರರ ಮೆನುವಿನಲ್ಲಿ ಸಿಗದ ಹೊಂದಾಣಿಕೆ ಬೇಕಾದರೆ, ಹೊಗೆಯನ್ನು ಅಳೆಯುವ ಉಪಕರಣ ಹಿಡಿದು ಬರುವ ತಂತ್ರಜ್ಞರನ್ನೇ ಕರೆಸಿ. ಉಪಕರಣವಿಲ್ಲದೆ ಕಿವಿಗೊಟ್ಟು ಕೇಳಿ ಸರಿಮಾಡುತ್ತೇನೆ ಎನ್ನುವವರು ಬೇಡ.

ಕಾಫಿ ಸಿಪ್ಪೆಯ ಪೆಲೆಟ್ ಅಗ್ಗಕ್ಕೆ ಸಿಗುತ್ತದೆ. ಹಾಕಬಹುದೇ?

ಕಾಫಿ ಸಿಪ್ಪೆಯಲ್ಲಿ ಪೊಟ್ಯಾಸಿಯಂ ಹೇರಳ. ಅದು ತೋಟಕ್ಕೆ ವರ, ಸ್ಟವ್‌ಗೆ ಶಾಪ. ಅದರ ಬೂದಿ ಕಡಿಮೆ ಬಿಸಿಗೇ ಕರಗಿ, ಬಟ್ಟಲಿನಲ್ಲಿ ಗಟ್ಟಿ ಕಿಟ್ಟವಾಗಿ ಕಚ್ಚಿಕೊಂಡು ತೂತುಗಳನ್ನೆಲ್ಲ ಮುಚ್ಚುತ್ತದೆ. ಕಾರ್ಖಾನೆಯ ಬಾಯ್ಲರ್‌ಗಳಿಗೆ ಬೂದಿ ಕೆರೆದು ತೆಗೆಯುವ ವ್ಯವಸ್ಥೆ ಇರುತ್ತದೆ, ನಿಮ್ಮ ಹಾಲ್‌ನ ಸ್ಟವ್‌ಗಿಲ್ಲ. ಭತ್ತದ ಹೊಟ್ಟಿನ ಪೆಲೆಟ್ ಇನ್ನೂ ಕೆಟ್ಟದ್ದು, ತೂಕದ ಆರನೇ ಒಂದು ಭಾಗಕ್ಕೂ ಹೆಚ್ಚು ಬೂದಿಯೇ ಉಳಿಯಬಹುದು. ಮನೆ ಸ್ಟವ್‌ಗೆ 6 ಮಿಲಿಮೀಟರ್‌ನ ಶುದ್ಧ ಮರದ ಪೆಲೆಟ್ ಒಂದೇ. ಸಿಪ್ಪೆಯನ್ನು ಕೊಳೆಸಿ ಗೊಬ್ಬರ ಮಾಡಿ.

ರಾತ್ರಿಯಿಡೀ 1ರಲ್ಲಿ ಇಟ್ಟರೆ ಪೆಲೆಟ್ ಉಳಿಯುತ್ತದೆಯೇ?

ಪೆಲೆಟ್ ಉಳಿಯುತ್ತದೆ, ಮಸಿ ಬೆಳೆಯುತ್ತದೆ. ಹಾಗೆ ಇಡಲೇಬೇಕಾದರೆ ದಿನಕ್ಕೊಮ್ಮೆ ಅರ್ಧ ಗಂಟೆ 4ರಲ್ಲಿ ಉರಿಸಿ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಕೋಣೆಗೆ ಹೊಗೆ ತುಂಬುತ್ತದೆ. ಏನು ಮಾಡುವುದು?

ಹೊಗೆ ಎಳೆಯುವ ಫ್ಯಾನು ನಿಂತರೆ ಹೊಗೆ ಎಲ್ಲಿಗೆ ಹೋಗಬೇಕು? ಪ್ಯೂರ್ ಸೈನ್‌ವೇವ್ ಯುಪಿಎಸ್ ಹಾಕಿಸಿ. ಹೊತ್ತಿಕೊಳ್ಳುವ ಕೆಲವು ನಿಮಿಷ 300–400 ವ್ಯಾಟ್ ಎಳೆಯುತ್ತದೆ, ಆಮೇಲೆ ಸಾಮಾನ್ಯವಾಗಿ ನೂರರ ಆಸುಪಾಸು. ಸ್ಟವ್ ಬಾಗಿಲು ತೆರೆಯಬೇಡಿ, ಕಿಟಕಿ ತೆರೆಯಿರಿ. ಹೊಗೆ ಪೈಪನ್ನು ಪಡುವಣ ಗೋಡೆಯಿಂದ ಅಡ್ಡಕ್ಕೆ ಬಿಟ್ಟಿದ್ದರೆ ಮುಂಗಾರಿನ ಗಾಳಿ ನೇರ ಒಳಗೆ ನುಗ್ಗುತ್ತದೆ. ಪೈಪನ್ನು ಮೇಲಕ್ಕೆ ಏರಿಸಿ, ಮಾಡು ದಾಟಿಸಿ. ಆಗ ಫ್ಯಾನು ನಿಂತರೂ ಅಷ್ಟಿಷ್ಟು ಹೊಗೆ ತಾನಾಗಿಯೇ ಏರಿ ಹೋಗುತ್ತದೆ.

ವಾಸ್ತು ಪ್ರಕಾರ ಆಗ್ನೇಯ ಮೂಲೆಯಲ್ಲೇ ಇಡಬೇಕೇ?

ಹೊಗೆ ಪೈಪು ನೆಟ್ಟಗೆ ಏರಲು ಎಲ್ಲಿ ದಾರಿಯಿದೆಯೋ ಅಲ್ಲಿ ಇಡಿ.

ಬೆಂಕಿಗೆ ಹಾಕಿದರೆ ಮಸಿಯೆಲ್ಲ ಉದುರುವ ಪುಡಿ ಮಾರುತ್ತಿದ್ದಾರೆ. ಒಳ್ಳೆಯದೇ?

ಬ್ರಷ್ ಕೊಳ್ಳಿ.

ಬೇಗ ಹೊತ್ತಲಿ ಎಂದು ಸ್ವಲ್ಪ ಸೀಮೆಎಣ್ಣೆ ಹಾಕುತ್ತೇವೆ. ತೊಂದರೆಯಿಲ್ಲವಲ್ಲ?

ಇದೆ. ಮುಖ ಸುಟ್ಟುಕೊಳ್ಳುತ್ತೀರಿ. ಯಂತ್ರದೊಳಗೆ ಪೆಲೆಟ್ ಹೊತ್ತಿಸುವ ಕರೆಂಟ್ ಕಡ್ಡಿ ಕೆಟ್ಟಿದ್ದರೆ ಅದನ್ನು ಬದಲಿಸಿ.

ಹಾಸನ ಪಟ್ಟಣದಲ್ಲಿ ನಮ್ಮದು ಎರಡು ಬೆಡ್‌ರೂಮಿನ ತಾರಸಿ ಮನೆ. ಪೆಲೆಟ್ ಸ್ಟವ್ ಕೊಳ್ಳಬಹುದೇ?

ಬೇಡ. ನಿಮ್ಮ ಚಳಿಗೆ ಕಿಟಕಿಯ ಸಂದಿ ಮುಚ್ಚಿ, ಒಂದು ಕಂಬಳಿ ಹೆಚ್ಚು ಹೊದ್ದರೆ ಸಾಕು. ಅಷ್ಟು ಚಿಕ್ಕ ಮನೆಗೆ ಸ್ಟವ್ ಸದಾ 1ರಲ್ಲೇ ಉರಿಯುತ್ತದೆ. ಅದರ ಗತಿ ಮೇಲೆ ಹೇಳಿದ್ದೇನೆ.

ಪೆಲೆಟ್ ಸ್ಟವ್ ದುಬಾರಿ. ಅತಿಥಿಗಳ ಕೋಣೆಗೆ ರಾತ್ರಿ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಡುತ್ತೇವೆ. ಹೊಗೆ ಬರುವುದಿಲ್ಲ. ಇದು ಸುರಕ್ಷಿತವೇ?

ಈ ಪ್ರಶ್ನೆ ಓದಿ ನನ್ನ ಎದೆ ಹೊಡೆದುಕೊಂಡಿತು. ಹೊಗೆ ಕಾಣದಿರುವುದೇ ಇದರ ಅಪಾಯ. ಇದ್ದಿಲ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಬಂದರೆ ಪ್ರಯಾಣದ ಆಯಾಸ ಎಂದುಕೊಂಡು ಜನ ಮಲಗುತ್ತಾರೆ, ಮಲಗಿದವರು ಏಳುವುದಿಲ್ಲ. ಬಾಗಿಲು ಕಿಟಕಿ ಹಾಕಿ ಒಳಗೆ ಕೆಂಡವಿಟ್ಟುಕೊಂಡು ಸತ್ತವರ ಸುದ್ದಿ ದೇಶದಲ್ಲಿ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಬಾಣಲೆಗಳನ್ನು ಇವತ್ತೇ ಕೋಣೆಗಳಿಂದ ಹೊರಗೆ ತೆಗೆಸಿ. ಬೆಂಕಿ ಕಾಯಿಸುವ ಆಸೆಯಿರುವ ಅತಿಥಿಗಳಿಗೆ ಅಂಗಳದಲ್ಲಿ ಒಟ್ಟಿಕೊಡಿ, ಕೋಣೆಗೆ ಹೆಚ್ಚುವರಿ ರಜಾಯಿ ಕೊಡಿ. ಪೆಲೆಟ್ ಸ್ಟವ್ ಇರುವವರು ಕೂಡ ಸ್ಟವ್ ಇರುವ ಕೋಣೆಗೆ ಒಂದು, ಮಲಗುವ ಕೋಣೆಗೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಹಾಕಿಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಿ. ಅಲಾರಾಂ ಇಲ್ಲದ ಮನೆಯಲ್ಲಿ ನಾನು ಸ್ಟವ್ ಹೊತ್ತಿಸಿ ಕೊಡುವುದಿಲ್ಲ.