ಫೀಸು ಕಟ್ಟಿದ ಮನೆಯ ಮದುವೆಗೆ ಹೇಗೆ ಹೋಗಲಿ?

ಪ್ರಶ್ನೆ: ನನಗೆ 26 ವರ್ಷ. ದಾವಣಗೆರೆಯಲ್ಲೇ ಬ್ಯಾಂಕ್ ಅಧಿಕಾರಿ. ನಮ್ಮ ಮನೆ ಹಳೇ ಊರಲ್ಲಿ. ತಾತ ಕಾಟನ್ ಮಿಲ್ಲಿನ ಕಾರ್ಮಿಕ. ಮಿಲ್ ಮುಚ್ಚಿದ ಮೇಲೆ ನಮ್ಮ ಮನೆಯ ಹೆಂಗಸರೆಲ್ಲ ಮನೆಗೆಲಸಕ್ಕೆ ಹೋದರು. ಅಮ್ಮನಿಗೆ ಈಗ 52. ಎಂಸಿಸಿ ‘ಬಿ’ ಬ್ಲಾಕಿನ ಒಂದು ದೊಡ್ಡ ಮನೆಯಲ್ಲಿ 19 ವರ್ಷದಿಂದ ಅಡುಗೆ ಮಾಡುತ್ತಾರೆ. ನನ್ನ ಪಿಯುಸಿ ಫೀಸು ಕಟ್ಟಿದ್ದು ಆ ಮನೆಯ ಅಮ್ಮಾರು. ಈಗ ಅವರ ಮಗನ ಮದುವೆ. ‘ಅಮ್ಮನ ಜೊತೆ ಎರಡು ದಿನ ಮುಂಚೆ ನೀನೂ ಬಂದುಬಿಡು, ಮನೆ ಹುಡುಗಿ ಅಲ್ವಾ, ತಾಂಬೂಲ, ಊಟದ ಕಡೆ ನೋಡ್ಕೊ’ ಎಂದು ಫೋನ್ ಮಾಡಿದ್ದಾರೆ. ಅವರು ನಮ್ಮ ಬ್ಯಾಂಕಿನ ದೊಡ್ಡ ಗಿರಾಕಿ. ಮ್ಯಾನೇಜರ್, ಸಹೋದ್ಯೋಗಿಗಳು ಎಲ್ಲರಿಗೂ ಆಮಂತ್ರಣ ಬಂದಿದೆ. ನನಗೆ ಇಷ್ಟವಿಲ್ಲ. ‘ಉಂಡ ಮನೆ ಮರೀತಿಯಾ?’ ಎಂದು ಅಮ್ಮ ಅಳುತ್ತಾರೆ. ಆ ಮನೆಗೆ ಹೋದರೆ ಈಗಲೂ ನಾನು ಸೋಫಾದ ತುದಿಯಲ್ಲೇ ಕೂರೋದು. ಆಫೀಸಿನವರ ಎದುರು ಅಮ್ಮ ಎಲೆ ಎತ್ತೋದನ್ನ ನೋಡೋಕೂ ನನ್ನಿಂದ ಆಗಲ್ಲ. ಇದು ನನ್ನ ಅಹಂಕಾರವಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಹಂಕಾರ ಅಲ್ಲ ತಂಗಿ. ಅಹಂಕಾರ ಇದ್ದವರು ಸೋಫಾದ ತುದಿಯಲ್ಲಿ ಕೂರುವುದಿಲ್ಲ.

ಆ ಒಂದು ಸಾಲಿನಲ್ಲೇ ನಿಮ್ಮ ಅರ್ಧ ಕಷ್ಟ ಇದೆ. ಕಾಲೇಜು ಮುಗಿಯಿತು, ಪರೀಕ್ಷೆ ಪಾಸಾಯಿತು, ಕೆಲಸ ಸಿಕ್ಕಿತು. ಆದರೆ ಆ ಮನೆಯ ಹೊಸಿಲು ದಾಟಿದ ಕೂಡಲೇ ಬೆನ್ನು ತಾನಾಗಿ ಬಾಗುತ್ತದೆ, ದನಿ ಇಳಿಯುತ್ತದೆ. ಸಂಬಳ ಬಂದ ತಿಂಗಳೇ ಇದು ಹೋಗುವುದಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು (1930–2002) ಜೀವನವಿಡೀ ಅಧ್ಯಯನ ಮಾಡಿದ್ದು ಇಂಥದ್ದನ್ನೇ. ನಾವು ಹುಟ್ಟಿದ ವರ್ಗ ಜೇಬಿನಲ್ಲಿ ಮಾತ್ರ ಇರುವುದಿಲ್ಲ. ಕೂರುವ, ನಿಲ್ಲುವ, ತಿನ್ನುವ, ಮಾತಾಡುವ ರೀತಿಯಲ್ಲೂ ಇಳಿದಿರುತ್ತದೆ ಎಂದರು ಅವರು. ಅವರೂ ಹಳ್ಳಿಯವರು, ಅಂಚೆ ನೌಕರನ ಮಗ. ಪ್ಯಾರಿಸಿನ ದೊಡ್ಡ ಕಾಲೇಜು ಸೇರಿ ದೊಡ್ಡ ಪ್ರಾಧ್ಯಾಪಕರಾದರು. ಆದರೂ ಅತ್ತ ಹಳ್ಳಿಗೂ ಇತ್ತ ಪೇಟೆಗೂ ಪೂರ್ತಿ ಸೇರದ ಆ ಒದ್ದಾಟ ತಮ್ಮೊಳಗೆ ಉಳಿದೇ ಇತ್ತು ಎಂದು ಹೇಳಿಕೊಂಡಿದ್ದಾರೆ. ಹಾಗಾಗಿ ನಿಮ್ಮಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳಬೇಡಿ.

ಈಗ ಋಣದ ಮಾತು. ಅಮ್ಮಾರು ಫೀಸು ಕಟ್ಟಿದ್ದು ನಿಜವಾದ ಉಪಕಾರ. ಅದನ್ನು ಕಡಿಮೆ ಮಾಡಿ ಮಾತಾಡಬೇಡಿ. ಆದರೆ ನೀವು ಬ್ಯಾಂಕಿನವರು, ಖಾತೆಗೆ ಎರಡು ಕಡೆ ಇರುತ್ತದೆ ಎಂದು ನಾನು ಹೇಳಬೇಕಿಲ್ಲ. ಆ ಮನೆಯವರು ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಉಂಡು ಅಂಗಡಿಗೆ, ಕಾಲೇಜಿಗೆ ಹೊರಟಿದ್ದು 19 ವರ್ಷ ಯಾರ ದುಡಿಮೆಯಿಂದ? ಭಾನುವಾರ ರಜೆ ಇತ್ತಾ? ಪಿಎಫ್ ಇತ್ತಾ? ಜ್ವರ ಬಂದ ದಿನದ ಸಂಬಳ ಹಿಡಿದರಾ, ಕೊಟ್ಟರಾ? ಇದನ್ನೆಲ್ಲ ಆ ಮನೆಯಲ್ಲಿ ಕೇಳಿ ಎನ್ನುತ್ತಿಲ್ಲ. ನಿಮ್ಮ ಮನಸ್ಸಿನಲ್ಲಿ ಲೆಕ್ಕ ಸರಿಯಾಗಿರಲಿ ಎಂದು ಹೇಳುತ್ತಿದ್ದೇನೆ.

ನಿಮ್ಮ ತಾತನನ್ನೇ ನೋಡಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಮಿಲ್ ಕೆಲಸ ಸುಖದ್ದೇನಲ್ಲ. ಆದರೆ ಪಾಳಿ ಮುಗಿದ ಮೇಲೆ ತಾತ ಯಾರ ಆಳೂ ಆಗಿರಲಿಲ್ಲ. ಬೋನಸ್ ಕೇಳೋಕೆ ಯೂನಿಯನ್ ಇತ್ತು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರಲ್ವಾ ನಮ್ಮದು! ಮಾಲೀಕರ ಮನೆಯ ಮದುವೆಗೆ ಎಲೆ ಎತ್ತೋಕೆ ಮಗಳನ್ನು ಕಳಿಸು ಎಂದಿದ್ದರೆ ತಾತ ಏನನ್ನುತ್ತಿದ್ದರು? ಅಮ್ಮನಿಗೆ ಪಾಳಿಯೂ ಇಲ್ಲ, ಯೂನಿಯನ್ನೂ ಇಲ್ಲ. ಮನೆಗೆಲಸದವರಿಗೂ ಕನಿಷ್ಠ ವೇತನ ಎಂದು ಕರ್ನಾಟಕ 2004ರಲ್ಲೇ ಗೊತ್ತು ಮಾಡಿತು. ಅಡುಗೆಮನೆಯೊಳಗೆ ಅದನ್ನು ಕೇಳುವವರು ಯಾರು? ಅಲ್ಲಿ ಸಂಬಳ ಯಾವುದು, ಪ್ರೀತಿ ಯಾವುದು, ಉಪಕಾರ ಯಾವುದು ಎಂದು ಬಿಡಿಸಿ ಹೇಳೋಕೆ ಬರುವುದಿಲ್ಲ. ಹಬ್ಬದ ಸೀರೆ ಬೋನಸ್ಸೋ ಉಡುಗೊರೆಯೋ ಅಂತ ನಿಮ್ಮ ಅಮ್ಮನೂ ಹೇಳಲಾರರು. ಹೀಗಾದಾಗ ಋಣ ಎಂದಿಗೆ ತೀರಿತು ಎನ್ನುವುದನ್ನು ಕೊಟ್ಟವರೇ ತೀರ್ಮಾನಿಸುತ್ತಾರೆ. ದೊಡ್ಡವರ ಕೈಯಲ್ಲಿರುವ ಅಧಿಕಾರ ಅಂದರೆ ಇದೇ.

ಅಮ್ಮಾರು ಕೆಟ್ಟವರು ಎಂದು ನನಗೆ ಅನಿಸಿಲ್ಲ. ‘ಮನೆ ಹುಡುಗಿ’ ಎಂದಿದ್ದು ಪ್ರೀತಿಯಿಂದಲೇ ಇರಬಹುದು. ಆದರೆ ಇದೇ ಫೀಸನ್ನು ಅವರು ತಮ್ಮ ತಂಗಿಯ ಮಗಳಿಗೆ ಕಟ್ಟಿ, ಅವಳು ಬ್ಯಾಂಕ್ ಅಧಿಕಾರಿ ಆಗಿದ್ದರೆ? ಅವಳನ್ನು ಹಾಲ್‌ನಲ್ಲಿ ಬೀಗರಿಗೆ ತೋರಿಸುತ್ತಿದ್ದರು. ಊಟದ ಕಡೆ ಕಳಿಸುತ್ತಿರಲಿಲ್ಲ.

ಹಾಗಾಗಿ ಮದುವೆಗೆ ಹೋಗಿ, ಆದರೆ ಮುಹೂರ್ತದ ದಿನ ಹೋಗಿ. ಮುಂಬಾಗಿಲಿನಿಂದ ಹೋಗಿ, ನಿಮ್ಮ ಕೈಲಾದಷ್ಟು ಮುಯ್ಯಿ ಮಾಡಿ, ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕೂತು ಊಟ ಮಾಡಿ. ಅದಕ್ಕೂ ಮುಂಚೆ ಒಂದು ದಿನ ಅಮ್ಮಾರನ್ನು ಮುಖತಃ ಕಾಣಿ. ರಜೆ ಸಿಗಲ್ಲ ಎಂಬ ನೆಪ ಬೇಡ. ನೆಪ ಹೇಳಿದರೆ ಮುಂದಿನ ಗೃಹಪ್ರವೇಶಕ್ಕೆ ಮತ್ತೆ ಫೋನ್ ಬರುತ್ತದೆ. ‘ಅಮ್ಮಾರೇ, ನೀವು ಅವತ್ತು ಫೀಸು ಕಟ್ಟದಿದ್ದರೆ ನಾನು ಇಲ್ಲಿಗೆ ಬರ್ತಿರಲಿಲ್ಲ, ಅದನ್ನ ಮರೆತಿಲ್ಲ. ಮದುವೆಗೆ ಖಂಡಿತ ಬರ್ತೀನಿ. ಕೆಲಸಕ್ಕೆ ಅಂತ ಬರೋಕಾಗಲ್ಲ’ ಎನ್ನಿ. ಇಷ್ಟು ಸಾಕು. ಜಾಸ್ತಿ ವಿವರಣೆ ಕೊಡಬೇಡಿ. ಹೇಳುವಾಗ ಸೋಫಾದ ಬೆನ್ನಿಗೆ ಒರಗಿ ಕೂತಿರಿ. ಮೈಗೆ ಕಸಿವಿಸಿ ಆಗುತ್ತದೆ, ಆಗಲಿ.

ಒಂದು ಎಚ್ಚರ. ಅವರಿಗೆ ಸಿಟ್ಟು ಬಂದರೆ ನಿಮ್ಮ ಕೆಲಸಕ್ಕೆ ಏನೂ ಆಗಲ್ಲ. ಪೆಟ್ಟು ಬೀಳೋದು ಅಮ್ಮನಿಗೆ. ಅಮ್ಮ ಅತ್ತಿದ್ದು ಬರೀ ಕೃತಜ್ಞತೆಯಿಂದ ಅಲ್ಲ, ಈ ಭಯದಿಂದಲೂ. ಅದಕ್ಕೇ ಅಮ್ಮಾರ ಹತ್ತಿರ ಹೋಗುವ ಮುಂಚೆ ಅಮ್ಮನಿಗೆ ಎಲ್ಲ ಹೇಳಿ. ‘ಅವರು ಕೆಲಸ ಬಿಡಿಸಿದರೆ ಮನೆ ನಡೆಸೋದು ನನ್ನ ಜವಾಬ್ದಾರಿ’ ಎಂದು ಮಾತು ಕೊಡಿ. ಆದರೆ ‘ಕೆಲಸ ಬಿಡು’ ಎಂದು ನೀವೇ ಹುಕುಂ ಮಾಡಬೇಡಿ. ಎಷ್ಟೋ ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಈ ತಪ್ಪು ಮಾಡುತ್ತಾರೆ. ಅಮ್ಮನ ಸ್ವಂತ ದುಡ್ಡು, ಅಮ್ಮನ ಗುರುತು ಆ ಕೆಲಸದಲ್ಲಿದೆ. ಬಿಡುವುದೂ ಇರುವುದೂ ಅವರ ಇಷ್ಟ. ಮದುವೆಯ ಹೆಚ್ಚಿನ ದಿನಗಳಿಗೆ ಬೇರೆ ಕೂಲಿ ಕೇಳಲು ಮಾತ್ರ ಧೈರ್ಯ ತುಂಬಿ. ಜೊತೆಗೆ ಕೇಂದ್ರ ಸರ್ಕಾರದ ಕಾರ್ಮಿಕರ ಪಟ್ಟಿಯಾದ ಇ-ಶ್ರಮ್‌ನಲ್ಲಿ ಅಮ್ಮನ ನೋಂದಣಿ ಮಾಡಿಸಿ. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರಿಗೆ ಅದು ಉಚಿತ, ಆಧಾರ್ ಮತ್ತು ಬ್ಯಾಂಕ್ ಖಾತೆ ಇದ್ದರಾಯಿತು.

ಇನ್ನು ಎಲೆ ಎತ್ತುವ ಮಾತು. ಇಲ್ಲಿ ನಿಮಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಅವತ್ತು ಅಮ್ಮ ಕೆಲಸದಲ್ಲಿ ಇದ್ದರೆ, ಕಂಬದ ಹಿಂದೆ ಸರಿಯಬೇಡಿ. ಮ್ಯಾನೇಜರನ್ನು ಕರೆದುಕೊಂಡು ಹೋಗಿ ‘ಇವರು ನಮ್ಮಮ್ಮ’ ಎನ್ನಿ. ಅವರ ಕೈ ಒದ್ದೆ ಇದ್ದರೂ ಪರವಾಗಿಲ್ಲ. ನೀವು ತಪ್ಪಿಸಿಕೊಂಡು ಓಡಾಡಿದರೆ ಅಮ್ಮನಿಗೆ ಗೊತ್ತಾಗಿಯೇ ಆಗುತ್ತದೆ. ಆ ನೋವಿನ ಮುಂದೆ ಅಮ್ಮಾರ ಫೋನ್ ಏನೇನೂ ಅಲ್ಲ. ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಳ್ಳಬಹುದು. ನೋಡಿಕೊಳ್ಳಲಿ.

ಬ್ಯಾಂಕಿನದ್ದೂ ಒಂದು ಮಾತಿದೆ. ಆ ಮನೆಯ ಸಾಲದ ಫೈಲು ನಿಮ್ಮ ಟೇಬಲಿಗೆ ಬಂದರೆ ಪರಿಚಯ ಇದೆ ಎಂದು ಮ್ಯಾನೇಜರಿಗೆ ತಿಳಿಸಿ, ಬೇರೆಯವರಿಗೆ ಕೊಡಿ. ಉಪಕಾರ ತೀರಿಸೋಕೂ ಬೇಡ, ಹಳೇ ಸಿಟ್ಟು ತೀರಿಸೋಕೂ ಬೇಡ.

ಅಮ್ಮನ ಜೊತೆ ಈ ವಾರವೇ ಮಾತಾಡಿ. ಈ ವಿಷಯ ಅಮ್ಮಾರ ಬಾಯಿಂದ ಅವರಿಗೆ ಮೊದಲು ಗೊತ್ತಾಗಬಾರದು.