ವ್ಯಾನಿನಲ್ಲಿ ವೀಣೆ ಎಲ್ಲಿಡುವುದು?

ಟೆಂಪೊ ಟ್ರಾವೆಲರ್, ಹಳೇ ಮಿನಿ ಬಸ್ಸುಗಳಿಗೆ ಹಾಸಿಗೆ, ಒಲೆ ಕೂಡಿಸಿಕೊಂಡು ಸುತ್ತುವವರ ಪತ್ರಗಳಲ್ಲಿ ಈ ಸಲ ವಾದ್ಯಗಳದ್ದೇ ಮೇಲುಗೈ. ಆಯ್ದ ಐದಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ರುದ್ರಪಟ್ಟಣದಲ್ಲಿ ತಂಬೂರಿ ಆಕಾರದ ಗುಡಿ ನೋಡಿಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಮಗಳ ವೀಣೆ ವ್ಯಾನಿನ ಹಿಂದಿನ ಹಾಸಿಗೆ ಮೇಲಿತ್ತು. ಬೆಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ವೀಣೆಯ ಕೊಡದ (ದುಂಡನೆ ಬುಡದ) ಕಡೆಯ ನಾಲ್ಕು ಮೆಟ್ಟಿಲು, ಅಂದರೆ ತಂತಿಯಡಿಯ ಸ್ವರದ ಅಡ್ಡಪಟ್ಟಿಗಳು, ವಾಲಿಕೊಂಡಿದ್ದವು. ರಸ್ತೆಯ ಕುಲುಕಾಟಕ್ಕೆ ಹೀಗಾಯಿತೇ?
— ಓದುಗರು, ಅರಕಲಗೂಡು

ಉತ್ತರ: ರಸ್ತೆಯನ್ನು ಬಯ್ಯಬೇಡಿ. ವಾದ್ಯಗಳು ಗಾಡಿ ಓಡುವಾಗ ಕೆಡುವುದಕ್ಕಿಂತ ನಿಂತಾಗ ಕೆಡುವುದೇ ಹೆಚ್ಚು. ವೀಣೆಯ 24 ಮೆಟ್ಟಿಲುಗಳನ್ನು ಹಿಡಿದಿರುವುದು ಮೊಳೆಯೂ ಅಲ್ಲ, ಮರದಂಟೂ ಅಲ್ಲ. ಜೇನುಮೇಣಕ್ಕೆ ಮಸಿ ಕಲಸಿ ಕಟ್ಟಿದ ಕರಿ ದಿಂಡು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಆದರೆ 40ರ ಆಸುಪಾಸಿಗೇ ಅದು ಬೆರಳಿಗೆ ಬಗ್ಗುವಷ್ಟು ಮೆತ್ತಗಾಗಿರುತ್ತದೆ. ಹೊರಗೆ 33 ಡಿಗ್ರಿ ಇದ್ದರೆ, ಗಾಜು ಏರಿಸಿ ಬಿಸಿಲಲ್ಲಿ ಬಿಟ್ಟ ಗಾಡಿಯೊಳಗೆ ಒಂದು ಗಂಟೆಯಲ್ಲಿ 50 ದಾಟುತ್ತದೆ. ನೀವು ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯುವ ಹೊತ್ತಿಗೆ ವೀಣೆಯ ನಾಲ್ಕು ಮೆಟ್ಟಿಲು ತಾವೇ ಇಳಿದಿವೆ, ಅಷ್ಟೆ.

ವಾಲಿದ್ದನ್ನು ಬೆರಳಲ್ಲಿ ಒತ್ತಿ ನೆಟ್ಟಗೆ ಮಾಡಲು ಹೋಗಬೇಡಿ. ಕೂದಲೆಳೆಯಷ್ಟು ಸರಿದರೂ ಆ ಸ್ವರ ಅಪಸ್ವರ. ನೆರಳಿನಲ್ಲಿ ಅಂಗಾತ ಮಲಗಿಸಿ ಮೇಣ ತಣಿಯಲು ಬಿಡಿ, ಊರಿಗೆ ಬಂದ ಮೇಲೆ ಮೇಳ ಕಟ್ಟುವವರ, ಅಂದರೆ ಮೇಣದಲ್ಲಿ ಮೆಟ್ಟಿಲು ಕೂರಿಸುವವರ ಕೈಗೆ ಕೊಡಿ. ನಾಲ್ಕೇ ಮೆಟ್ಟಿಲಾದರೆ ಇಡೀ ಮೇಳ ಕೀಳಿಸುವ ಅಗತ್ಯ ಬೀಳಲಿಕ್ಕಿಲ್ಲ.

ಮುಂದಿನ ಸಲಕ್ಕೆ: ಮೊದಲು ಸೋರೆಬುರುಡೆಯನ್ನು ತಿರುವಿ ಬಿಚ್ಚಿ, ಬೇರೆ ಡಬ್ಬದಲ್ಲಿ ಬಟ್ಟೆ ತುರುಕಿ ಇಡಿ. ಜಾಗಕ್ಕೆ ಹಿಂದಿನ ಹಾಸಿಗೆ ಬೇಡ. ಹಿಂದಿನ ಗಾಲಿಯಿಂದ ಆಚೆಗೆ ಚಾಚಿಕೊಂಡಿರುವ ಭಾಗವೇ ಹಳ್ಳದಲ್ಲಿ ಎಲ್ಲಕ್ಕಿಂತ ಜೋರಾಗಿ ಎತ್ತಿಹಾಕುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ, ನೆಲದ ಮೇಲೆ, ಗಾಡಿಯ ಉದ್ದಕ್ಕೆ ಮಲಗಿಸಿ. ಪೆಟ್ಟಿಗೆಯ ಉದ್ದ ಅಳೆದುಕೊಂಡೇ ಬಡಗಿಗೆ ಹಾಸಿಗೆಯಡಿಯ ಖಾನೆ ಹೇಳಿ. ನಾಲ್ಕಡಿ ಸಾಕೆಂದು ಮಾಡಿಸಿ, ಕೊನೆಗೆ ವೀಣೆಯ ತುದಿಯ ಪ್ರಾಣಿಮುಖದ, ಅಂದರೆ ಯಾಳಿಯ ಮೂತಿ ಹೊರಗೆ ಉಳಿಯುವುದುಂಟು. ಅಡಿಗೆ 25 ಮಿ.ಮೀ. ಫೋಮ್, ಕೊಡದ ಕೆಳಗೆ ಮತ್ತು ಯಾಳಿಯ ಕೆಳಗೆ ಮಡಿಸಿದ ಜಮಖಾನ. ಪಟ್ಟಿ ಬಿಗಿಯುವುದು ಪೆಟ್ಟಿಗೆಯ ಎರಡು ತುದಿಗೆ. ಕುದುರೆಯ (ಕೊಡದ ಮೇಲೆ ತಂತಿಗಳನ್ನು ಹೊತ್ತು ನಿಂತ ತುಂಡಿನ) ಮೇಲೆ ಹಾದುಹೋಗುವಂತೆ ಬಿಗಿದರೆ ಮುಚ್ಚಳ ತಂತಿಯನ್ನು ಒತ್ತಿ, ತಂತಿ ಮೆಟ್ಟಿಲನ್ನು ಒತ್ತುತ್ತದೆ. ತಂತಿಗಳನ್ನು ಎರಡು ಸ್ವರಸ್ಥಾನ ಇಳಿಸಿದರೆ ಸಾಕು. ಪೂರ್ತಿ ಸಡಿಲಿಸಿದರೆ ಒತ್ತಡವಿಲ್ಲದ ಕುದುರೆ ಜಾಗ ಬಿಡುತ್ತದೆ. ಗಾಡಿಯ ಮುಂಭಾಗದ ಎಂಜಿನ್ ಮುಚ್ಚಳದ ಪಕ್ಕ, ಫ್ರಿಜ್ಜಿನ ಬೆನ್ನ ಹಿಂದೆ ಇಡಲೇಬೇಡಿ.

ಪೆಟ್ಟಿಗೆಯೊಳಗೆ ಅಂಗೈ ಅಗಲದ ಡಿಜಿಟಲ್ ಥರ್ಮಾಮೀಟರ್ ಒಂದಿರಲಿ, ದಿನದ ಗರಿಷ್ಠವನ್ನು ನೆನಪಿಟ್ಟುಕೊಳ್ಳುವಂಥದ್ದು. ಮೇಲೆ ಕಂಬಳಿ ಹೊದಿಸಿದರೆ ಕಾವು ತಡವಾಗಿ ತಟ್ಟುತ್ತದೆ, ತಟ್ಟದೇ ಇರುವುದಿಲ್ಲ. ನೆರಳು ಸಿಗದ ಕಡೆ ಸರದಿಯಲ್ಲಿ ಒಬ್ಬರು ಗಾಡಿಯ ಬಳಿ ಬಾಗಿಲು ತೆಗೆದು ಕೂರುವುದೊಂದೇ ಖಾತ್ರಿ ಉಪಾಯ.

ಪ್ರಶ್ನೆ: ಮಳೆಗಾಲದಲ್ಲಿ ಕೊಟ್ಟಿಗೆಹಾರದ ಕಡೆ ಹೋದರೆ ಮೃದಂಗದ ಶ್ರುತಿ ಇಳಿದುಬಿಡುತ್ತದೆ. ಬಿಗಿದಷ್ಟೂ ಸಾಲದು. ಸಿಲಿಕಾ ಜೆಲ್ ಹಾಕಿದರೆ ಸರಿಹೋದೀತೇ?
— ಓದುಗರು, ಮೂಡಿಗೆರೆ

ಉತ್ತರ: ಜೆಲ್‌ಗಿಂತ ಮೊದಲು ನಿಮ್ಮ ಸುತ್ತಿಗೆಯ ಕೈ ತಡೆಯಿರಿ. ಚರ್ಮ ತೇವ ಹೀರಿ ಸಡಿಲಾಗುತ್ತದೆ, ನೀವು ಜಡೆಯ (ಚರ್ಮದ ಅಂಚಿನ ಹೆಣಿಗೆಯ) ಮೇಲೆ ಕೊಡತಿ ಹೊಡೆದು ಶ್ರುತಿಗೆ ತರುತ್ತೀರಿ. ಮಾರನೇ ದಿನ ಗಾಡಿ ಕಡೂರಿಗೋ ಅರಸೀಕೆರೆಗೋ ಇಳಿಯುತ್ತದೆ. ಅಲ್ಲಿ ಒಣಗಾಳಿ. ಬಿಗಿದಿದ್ದ ಚರ್ಮ ಒಣಗುತ್ತ ಇನ್ನಷ್ಟು ಸೆಳೆದುಕೊಂಡು ನಡುವಿನ ಕಪ್ಪು ಬಿಲ್ಲೆಯಲ್ಲಿ, ಅಂದರೆ ಕರಣೆಯಲ್ಲಿ, ಬಿರುಕು ಬಿಡುತ್ತದೆ, ಇಲ್ಲವೇ ಅಂಚಿನಲ್ಲಿ ಹರಿಯುತ್ತದೆ. ಮಲೆನಾಡು, ಬಯಲುಸೀಮೆ ಎರಡೂ ಒಂದೇ ಜಿಲ್ಲೆಯಲ್ಲಿರುವುದರ ಕಷ್ಟವಿದು. ಆದ್ದರಿಂದ ಮಳೆಯ ಊರಲ್ಲಿ ಶ್ರುತಿಯನ್ನು ಅರ್ಧ ಮನೆ (ಅರ್ಧ ಸ್ವರಸ್ಥಾನ) ಕೆಳಗೇ ಇಟ್ಟು ನುಡಿಸಿ. ಬಿಗಿದೇ ನುಡಿಸಬೇಕಾಗಿ ಬಂದರೆ, ಹೊರಡುವ ಮುನ್ನ ಜಡೆಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟಿ ಇಳಿಸಿಕೊಳ್ಳಿ. ಒಂದೇ ಕಡೆ ತಟ್ಟಬೇಡಿ, ಎದುರು ಬದುರಾಗಿ ಸುತ್ತ ಬನ್ನಿ.

ಗಾಡಿಯೊಳಗಿನ ತೇವಕ್ಕೆ ಮಳೆಯಷ್ಟೇ ಕಾರಣವಲ್ಲ. ಮುಚ್ಚಿದ ಗಾಡಿಯಲ್ಲಿ ಅನ್ನ ಬೇಯಿಸಿದ ಹಬೆ, ನಾಲ್ಕು ಜನ ರಾತ್ರಿಯಿಡೀ ಬಿಟ್ಟ ಉಸಿರು, ಒಣಹಾಕಿದ ರೇನ್‌ಕೋಟು, ಎಲ್ಲ ಸೇರಿ ಬೆಳಿಗ್ಗೆ ಗಾಜಿನ ಒಳಮೈ ತೊಟ್ಟಿಕ್ಕುತ್ತಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಮೃದಂಗ ಇಟ್ಟಿದ್ದರೆ ಅಲ್ಲಿಂದ ಇಳಿಸಿ. ಅಡುಗೆ ಮಾಡುವಾಗ ಚಾವಣಿ ಕಿಂಡಿ ತೆರೆದಿಡಿ. ಸಿಲಿಕಾ ಜೆಲ್ ಕೆಲಸ ಮಾಡುವುದು ಜಿಪ್ ಸರಿಯಾಗಿ ಮುಚ್ಚುವ ಚೀಲದೊಳಗೆ ಮಾತ್ರ; ತೆರೆದ ಗಾಡಿಯಲ್ಲಿಟ್ಟರೆ ಕೆರೆಗೆ ಸ್ಪಂಜು ಅದ್ದಿದಂತೆ. 100 ಗ್ರಾಂನ ಎರಡು ಪೊಟ್ಟಣ ಇಟ್ಟು, ಹರಳಿನ ಬಣ್ಣ ತಿರುಗಿದಾಗ ಕಾಯಿಸಿ ಒಣಗಿಸಿಕೊಳ್ಳಿ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ.

ಮೃದಂಗದ ಎಡ ಮುಖಕ್ಕೆ ನುಡಿಸುವ ಮುನ್ನ ಮೆತ್ತುವ ಕಲಸಿದ ರವೆಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ನುಡಿಸಿ ಮುಗಿದ ಕೂಡಲೇ ಚಮಚದ ಹಿಂಬದಿಯಿಂದ ಅಂಚಿನಿಂದ ನಡುವಿಗೆ ಕೆರೆದು ತೆಗೆಯಿರಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆಯೇ ಚೀಲಕ್ಕೆ ಹಾಕಿ. ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಹುಳಿ ವಾಸನೆ, ಇರುವೆ ಸಾಲು. ಎರಡು ರಾತ್ರಿ ಬಿಟ್ಟರೆ ಚರ್ಮದ ಮೇಲೆ ಬೂಷ್ಟು. ಪ್ರವಾಸಕ್ಕೆಂದೇ ಮತ್ತೆ ಮತ್ತೆ ಅಂಟಿಸಬಹುದಾದ ಸಿಂಥೆಟಿಕ್ ಬಿಲ್ಲೆ ಸಿಗುತ್ತದೆ. ನಾದ ಸ್ವಲ್ಪ ಮಂಕು, ರಗಳೆ ಇಲ್ಲ.

ಪ್ರಶ್ನೆ: ಗಿಟಾರನ್ನು ವ್ಯಾನಿನ ಗೋಡೆಯ ಕೊಕ್ಕೆಗೆ ನೇತುಹಾಕಬಹುದೇ?
— ಓದುಗರು, ಹಾಸನ

ಉತ್ತರ: ನಿಂತಾಗ ಹಾಕಿ, ಓಡುವಾಗ ಬೇಡ. ಶಿರಾಡಿಯ ತಿರುವಿನಲ್ಲಿ ಅದು ಗಡಿಯಾರದ ಲೋಲಕವಾಗುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿ, ತಂತಿ ಒಂದು ಸ್ವರ ಇಳಿಸಿ, ಕತ್ತಿನ ತಲೆ ಪೆಟ್ಟಿಗೆಗೆ ತಾಗದಂತೆ ಕೆಳಗೆ ಟವೆಲ್ ಸುರುಳಿ ಕೊಟ್ಟು ಇಡಿ. ತೇವಾಂಶ ಶೇ. 45ರಿಂದ 55ರೊಳಗಿದ್ದರೆ ಅದಕ್ಕೆ ಹಿತ. ಬೇಸಿಗೆಯಲ್ಲಿ ಬಯಲುಸೀಮೆಗೆ ಹೋಗುವಾಗ ಸಿಲಿಕಾ ಜೆಲ್ ತೆಗೆದಿಡಿ, ಇಲ್ಲದಿದ್ದರೆ ಮೇಲ್ಹಲಗೆ ಸೀಳುತ್ತದೆ.

ಪ್ರಶ್ನೆ: ಕೀಬೋರ್ಡ್ 12 ವೋಲ್ಟಿನದು, ಗಾಡಿಯ ಬ್ಯಾಟರಿಯೂ 12 ವೋಲ್ಟ್. ನೇರ ವೈರ್ ಕೊಡಬಹುದಲ್ಲ? ಜೊತೆಗೆ ಸಣ್ಣ ಆಂಪ್ಲಿಫೈಯರ್ ಇದೆ, ಎಷ್ಟು ಹೊತ್ತು ನಡೆದೀತು?
— ಓದುಗರು, ಚಿಕ್ಕಮಗಳೂರು

ಉತ್ತರ: ಕೊಡಬಾರದು. ಎಂಜಿನ್ ಓಡುವಾಗ ಆ '12' ಎನ್ನುವುದು 14.4ರವರೆಗೆ ಏರುತ್ತದೆ, ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಧೊಪ್ಪನೆ ಬೀಳುತ್ತದೆ. ನಡುವೆ 12 ವೋಲ್ಟನ್ನು ಸ್ಥಿರವಾಗಿ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ, ಬ್ಯಾಟರಿಯ ಬಳಿಯೇ ಫ್ಯೂಸ್ ಕೊಡಿ. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂದು ಅಡಾಪ್ಟರಿನ ಮೇಲಿನ ಚಿತ್ರ ನೋಡಿಯೇ ಜೋಡಿಸಿ. ಎಲ್ಲ ಕೀಬೋರ್ಡೂ 12 ವೋಲ್ಟಲ್ಲ, ಕ್ಯಾಸಿಯೊದ ಎಷ್ಟೋ ಮಾದರಿ 9.5 ವೋಲ್ಟಿನವು.

ಲೆಕ್ಕ ಹೀಗೆ: 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್. ಸೀಸ-ಆಮ್ಲದ್ದಾದರೆ ಅರ್ಧವಷ್ಟೇ ಬಳಸಿ, ಅಂದರೆ 600. ಇನ್ವರ್ಟರ್ ನುಂಗುವ ಶೇ. 15 ಕಳೆದರೆ 510. ಕೀಬೋರ್ಡ್ 15, ಆಂಪ್ಲಿಫೈಯರ್ 40, ದೀಪ 10 ವ್ಯಾಟ್ ಸೇರಿ 65. ಏಳೂವರೆ ಗಂಟೆ ಧಾರಾಳ, ಫ್ರಿಜ್ ಅದೇ ಬ್ಯಾಟರಿಯಲ್ಲಿ ಇಲ್ಲದಿದ್ದರೆ. ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿದ್ದರೆ ಮೊದಲ ಅನುಮಾನ ಅಗ್ಗದ ಇನ್ವರ್ಟರಿನ ಮೇಲಿರಲಿ. ಶುದ್ಧ ಸೈನ್ ಅಲೆಯದ್ದನ್ನೇ ಕೊಳ್ಳಿ.

ಪ್ರಶ್ನೆ: ಮುತ್ತೋಡಿ ಹತ್ತಿರದ ತೋಟದಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಭಜನೆ ಮಾಡಬೇಕೆಂದಿದ್ದೇವೆ. ಸ್ಪೀಕರ್ ಚಿಕ್ಕದೇ. ತೊಂದರೆಯೇನಾದರೂ?
— ಓದುಗರು, ಬೇಲೂರು

ಉತ್ತರ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವಷ್ಟೇ ಅಲ್ಲ, ವಾದ್ಯಗಳಿಗೂ ನಿರ್ಬಂಧವಿದೆ. ಸಭಾಭವನದಂಥ ಮುಚ್ಚಿದ ಜಾಗಗಳಿಗೆ ವಿನಾಯಿತಿ ಉಂಟು. ಬಾಗಿಲು ತೆರೆದ ವ್ಯಾನು ಸಭಾಭವನವಾಗುವುದಿಲ್ಲ. ಮುತ್ತೋಡಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಅಲ್ಲಿಯ ಕಣಿವೆಯಲ್ಲಿ ಚಿಕ್ಕ ಸ್ಪೀಕರೂ ದೂರಕ್ಕೆ ಕೇಳುತ್ತದೆ. ಕಾಡಂಚಿನಲ್ಲಿ ಹಗಲಲ್ಲೂ ಸ್ಪೀಕರ್ ಬೇಡವೆಂಬುದೇ ನಮ್ಮ ಸಲಹೆ. ಸಂಜೆ ಏಳಕ್ಕೆ ಶುರುಮಾಡಿ, ತಾಳ, ಹಾರ್ಮೋನಿಯಂ ಸಾಕು. ಮುಗಿದ ಮೇಲೆ ಹಾರ್ಮೋನಿಯಂ ತಿದಿ ಮಡಿಸಿ ಕೊಂಡಿ ಹಾಕಲು ಮರೆಯಬೇಡಿ, ತೋಟದ ಇಲಿಗೆ ತಿದಿಯ ಚರ್ಮ ಬಲು ಇಷ್ಟ.